ಧ್ಯಾನ ಕೇಂದ್ರದ ಆಫೀಸಿಗೆ ಹೋಗಲೇ, ಬೇಡವೇ?

ಪ್ರಶ್ನೆ: ಅಕ್ಕ, ನನಗೆ ಐವತ್ತರ ಹತ್ತಿರ ವಯಸ್ಸು. ಶಿರಸಿ ಹತ್ತಿರದ ಹಳ್ಳಿಯ ಸಹಕಾರಿ ಸಂಘದಲ್ಲಿ ಲೆಕ್ಕ ಬರೆಯುತ್ತಿದ್ದೆ, ಈಗ ಬಿಟ್ಟಿದ್ದೇನೆ. ಮಕ್ಕಳು ಬೆಂಗಳೂರಿನಲ್ಲಿದ್ದಾರೆ. ಮುಂಡಗೋಡ ಕಡೆಯ ಒಂದು ಬೌದ್ಧ ಧ್ಯಾನ ಕೇಂದ್ರದ ಆಫೀಸಿಗೆ ಕನ್ನಡ ಬಲ್ಲವರು ಬೇಕಂತೆ. ವಾರಕ್ಕೆ ಎರಡು ದಿನ ಬರ್ತೀರಾ ಎಂದು ಪರಿಚಯದವರ ಮೂಲಕ ಕೇಳಿದ್ದಾರೆ. ಸಂಬಳ ಇಲ್ಲ, ಊಟ ಮತ್ತು ಬಸ್ ಚಾರ್ಜು ಕೊಡುತ್ತಾರೆ. ಇತ್ತೀಚೆಗೆ ನನಗೆ ನೆಮ್ಮದಿಯೇ ಇಲ್ಲ, ಅಲ್ಲಿ ಸಿಗಬಹುದು ಅನಿಸುತ್ತದೆ. ಮನೆಯವರು ಬಿಟ್ಟಿ ಚಾಕರಿ ಯಾಕೆ ಅಂತಾರೆ. ಅತ್ತೆಯವರಿಗೆ ನಾನು ಧರ್ಮ ಬಿಟ್ಟುಬಿಡುತ್ತೇನೇನೋ ಎಂಬ ಭಯ. ಏನು ಮಾಡಲಿ?
— ಓದುಗರೊಬ್ಬರು, ಶಿರಸಿ

ಉತ್ತರ: ಹೋಗಿ. ಆದರೆ ನೆಮ್ಮದಿ ಹುಡುಕಿಕೊಂಡು ಆಫೀಸಿಗೆ ಹೋಗಬೇಡಿ. ಮದುವೆ ಮನೆಯಲ್ಲಿ ಮಂಟಪ ಒಂದು ಕಡೆ ಇರುತ್ತದೆ, ಉಗ್ರಾಣ ಇನ್ನೊಂದು ಕಡೆ ಇರುತ್ತದೆ ಅಲ್ವಾ? ನಿಮ್ಮನ್ನು ಕರೆದಿರುವುದು ಉಗ್ರಾಣಕ್ಕೆ.

ನಾನೂ ಇಂಥದ್ದೇ ಒಂದು ಕೇಂದ್ರದ ಆಫೀಸಿನಲ್ಲಿ ಕೆಲವು ಕಾಲ ಕೂತಿದ್ದೇನೆ. ಒಳಗೆ ಶಿಬಿರದವರು ಮೌನದಲ್ಲಿರುತ್ತಾರೆ. ಅವರು ಹೊರಗೆ ಬಿಟ್ಟು ಬಂದದ್ದೆಲ್ಲ ಬಂದು ಬೀಳುವುದು ಆಫೀಸಿನ ಮೇಜಿನ ಮೇಲೆ. ಕರೆಂಟ್ ಹೋದರೆ ಲೈನ್‌ಮನ್‌ಗೆ ಫೋನು, ತರಕಾರಿ ಬರದಿದ್ದರೆ ಅಂಗಡಿಗೆ ಫೋನು, ಮುಂದಿನ ಶಿಬಿರಕ್ಕೆ ಜಾಗ ಇದೆಯಾ ಎಂದು ಕೇಳುವವರು, ಹೆಸರು ಕೊಟ್ಟು ಕೊನೇ ದಿನ ಬರಲ್ಲ ಅನ್ನುವವರು, ಅವರ ಜಾಗಕ್ಕೆ ವೇಟಿಂಗ್ ಲಿಸ್ಟ್‌ನಿಂದ ಯಾರನ್ನು ಕರೆಯುವುದು, ಕೆಳಗಿನ ಮಂಚವೇ ಬೇಕೆನ್ನುವ ಮಂಡಿನೋವಿನ ಅಜ್ಜಿಯನ್ನು ಎಲ್ಲಿ ಮಲಗಿಸುವುದು. ಮುಂಡಗೋಡದ ಟಿಬೆಟಿಯನ್ ಬೌದ್ಧ ಭಿಕ್ಷುಗಳಲ್ಲಿ ಹಿಂದಿ ಬಲ್ಲವರು ಬಹಳ ಜನ. ಆದರೆ ಸುತ್ತಲಿನ ಊರಿನವರ ಜೊತೆ, ಪಂಚಾಯ್ತಿಯ ಜೊತೆ, ಅಳುತ್ತಾ ಫೋನ್ ಮಾಡುವ ತಾಯಿಯ ಜೊತೆ ಮಾತಾಡಲು ಕನ್ನಡವೇ ಬೇಕು. ನಿಮ್ಮನ್ನು ಕೇಳಿದ್ದು ಸುಮ್ನೆ ಅಲ್ಲ.

ಶಿಬಿರದ ಮೊದಲ ದಿನ ಮೊಬೈಲು ತೆಗೆದುಕೊಳ್ಳುವ ಕೆಲಸ ಹೆಚ್ಚಾಗಿ ಆಫೀಸಿನವರದ್ದೇ. ಒಂದು ಕವರಿನ ಮೇಲೆ ಹೆಸರು, ರೂಮ್ ನಂಬರ್ ಬರೆದು, ಫೋನು ಆಫ್ ಮಾಡಿ ಒಳಗೆ ಹಾಕಿ, ಬೀರುವಿನಲ್ಲಿ ಇಡುವುದು. ಕೇಳಲು ಸುಲಭ. ಕೊಡುವವರ ಮುಖ ನೋಡಬೇಕು ನೀವು. ಕೊಡ್ತಾರೆ, ಮತ್ತೆ ಕೈ ಚಾಚುತ್ತಾರೆ, ಒಂದೇ ಮೆಸೇಜು ಅಂತಾರೆ. ಆಗ ಗದರಬಾರದು, ನಗಲೂಬಾರದು. ಅವರ ಮನೆಯವರಿಗೆ ಆಫೀಸಿನ ನಂಬರ್ ಕೊಡಿಸಿ, 'ಏನೇ ಆದರೂ ನಾನು ನಿಮಗೆ ತಿಳಿಸ್ತೇನೆ' ಎಂದರೆ ಅರ್ಧ ಭಾರ ಇಳಿಯುತ್ತದೆ. ಹಾಗೆಂದ ಮೇಲೆ ಆ ಮಾತು ಉಳಿಸಿಕೊಳ್ಳಲೇಬೇಕು. ಶಿಬಿರದ ನಡುವೆ ಮನೆಯಿಂದ ಕೆಟ್ಟ ಸುದ್ದಿ ಬಂದರೆ ಯಾರು ಹೇಳಬೇಕು, ಯಾವಾಗ ಹೇಳಬೇಕು ಎಂಬುದನ್ನು ಗುರುಗಳ ಹತ್ತಿರ ಮೊದಲೇ ಕೇಳಿಟ್ಟುಕೊಳ್ಳಿ.

ಇನ್ನೊಂದು, ಅರ್ಜಿ ಫಾರಂ. ಅದರಲ್ಲಿ ಕಾಯಿಲೆ ಏನು, ಯಾವ ಮಾತ್ರೆ ತಗೊಳ್ತೀರಿ ಎಂದು ಕೇಳಿರುತ್ತಾರೆ. ನನ್ನ ಪ್ರಕಾರ ಇಡೀ ಆಫೀಸಿನಲ್ಲಿ ಅತಿ ಮುಖ್ಯವಾದ ಕಾಗದ ಅದು. ದಿನಗಟ್ಟಲೆ ಮಾತಿಲ್ಲದೆ ಕೂರುವುದು ಎಲ್ಲರಿಗೂ, ಎಲ್ಲ ಕಾಲಕ್ಕೂ ಆಗಿಬರುವುದಿಲ್ಲ. ಮಾನಸಿಕ ಕಾಯಿಲೆಗೆ ಮಾತ್ರೆ ನುಂಗುತ್ತಿರುವವರು ಶಿಬಿರಕ್ಕೆಂದು ಅದನ್ನು ತಾವಾಗಿಯೇ ನಿಲ್ಲಿಸಿ ಬಂದರೆ ದೊಡ್ಡ ಅಪಾಯ. ಆ ಜಾಗ ಖಾಲಿ ಬಿಟ್ಟಿದ್ದರೆ ಫೋನ್ ಮಾಡಿ ಕೇಳಿ. ಮಾತ್ರೆಯ ಹೆಸರು ಕಂಡರೆ ನೀವೇ ತೀರ್ಮಾನ ಮಾಡಬೇಡಿ, ಅವರ ಡಾಕ್ಟರು ಮತ್ತು ಶಿಬಿರದ ಗುರುಗಳು ಒಪ್ಪಲಿ. ಅದರಲ್ಲಿ ಬರೆದದ್ದು ನಿಮ್ಮ ಊರಿನವರದ್ದಾದರೂ ನಿಮ್ಮ ಬಾಯಿಂದ ಹೊರಗೆ ಬರಕೂಡದು.

ಇದಕ್ಕೆಲ್ಲ ಮೊದಲು ನೀವೇ ಒಂದು ಶಿಬಿರದಲ್ಲಿ ಕೂತು ಬನ್ನಿ. ಧ್ಯಾನ ಗುರು ಎಸ್.ಎನ್. ಗೋಯೆಂಕಾ ಅವರು 1969ರಲ್ಲಿ ಭಾರತಕ್ಕೆ ತಂದ ವಿಪಶ್ಯನ ಧ್ಯಾನದ ಶಿಬಿರಗಳಲ್ಲಿ ಇದು ನಿಯಮವೇ ಆಗಿದೆ. ಹತ್ತು ದಿನದ ಶಿಬಿರ ಮುಗಿಸಿದವರು ಮಾತ್ರ ಅಲ್ಲಿ ಸೇವೆ ಮಾಡಬಹುದು. ನಿಮ್ಮ ಕೇಂದ್ರದಲ್ಲಿ ಹಾಗಿಲ್ಲದಿದ್ದರೂ ನೀವು ಕೇಳಿ ಕೂತುಕೊಳ್ಳಿ. ಮೂರನೇ ದಿನ ಸೊಂಟ ಹಿಡಿದು ಮನೆಗೆ ಓಡಿಹೋಗೋಣ ಅನಿಸಿದ್ದು ಗೊತ್ತಿದ್ದವರೇ ಬ್ಯಾಗು ಹಿಡಿದು ಆಫೀಸಿನ ಬಾಗಿಲಲ್ಲಿ ನಿಂತವರ ಹತ್ತಿರ ಸರಿಯಾಗಿ ಮಾತಾಡಬಲ್ಲರು. ನೀವು ಹೇಳುವ ನೆಮ್ಮದಿಗೂ ಅದೇ ದಾರಿ.

ಮನೆಯವರ ಮಾತನ್ನು ಪೂರ್ತಿ ತಳ್ಳಿಹಾಕಬೇಡಿ. ಒಳ್ಳೆ ಮನಸ್ಸಿನ ಜಾಗಗಳಲ್ಲೇ ಎರಡು ದಿನ ನಾಲ್ಕಾಗುವುದು ಬೇಗ. ಯಾವ ದಿನ, ಎಷ್ಟು ಗಂಟೆಗೆ ಬಂದು ಎಷ್ಟು ಗಂಟೆಗೆ ಬಸ್ಸಿಗೆ ಹೊರಡುತ್ತೀರಿ, ಯಾವ ಕೆಲಸ ನಿಮ್ಮದು ಎಂಬುದನ್ನು ಮೊದಲೇ ಬರೆದುಕೊಳ್ಳಿ. ಅಡಿಕೆ ಕೊಯ್ಲಿನ ಸಮಯದಲ್ಲಿ ಬರಲಾಗಲ್ಲ ಎಂದು ಈಗಲೇ ಹೇಳಿ. ಅವರಿಗೂ ಹಬ್ಬಗಳಿವೆ. ಫೆಬ್ರವರಿ-ಮಾರ್ಚ್‌ನಲ್ಲಿ ಬರುವ ಲೋಸಾರ್ ಎಂದರೆ ಟಿಬೆಟಿಯನ್ನರ ಹೊಸವರ್ಷ, ಆ ದಿನಗಳಲ್ಲಿ ಆಫೀಸು ತೆರೆದಿರುತ್ತದೋ ಇಲ್ಲವೋ ಕೇಳಿ. ಲೆಕ್ಕದ ವಿಷಯ ನಿಮಗೆ ಹೇಳಿಕೊಡಬೇಕಿಲ್ಲ. ಆದರೂ ದಾನದ ದುಡ್ಡು ಒಬ್ಬರೇ ಎಣಿಸಬೇಡಿ, ರಸೀದಿ ಆಗಲೇ ಹರಿದುಕೊಡಿ. 2000 ರೂಪಾಯಿಗಿಂತ ಜಾಸ್ತಿ ನಗದು ಕೊಟ್ಟರೆ ದಾನಕ್ಕೆ ತೆರಿಗೆ ವಿನಾಯಿತಿ ಸಿಗುವುದಿಲ್ಲ, ಅದನ್ನು ಕೊಡುವ ಮುಂಚೆಯೇ ತಿಳಿಸುವುದು ಮರ್ಯಾದೆ.

ಅತ್ತೆಯವರಿಗೆ ಹೇಳಿ, ರಸೀದಿ ಬರೆಯಲು ಯಾರೂ ಧರ್ಮ ಬದಲಿಸಬೇಕಿಲ್ಲ. ಅವರವರ ಸಂಪ್ರದಾಯದಲ್ಲೇ ಇರುವುದು ಒಳ್ಳೆಯದು ಎಂದು ದಲೈ ಲಾಮಾ ಅವರೇ ಎಷ್ಟೋ ಸಲ ಹೇಳಿದ್ದಾರೆ. ಮುಂಡಗೋಡದಲ್ಲಿ ಟಿಬೆಟಿಯನ್ನರು ನೆಲೆ ನಿಂತದ್ದು 1966ರಲ್ಲಿ, ಆದರೆ ಬುದ್ಧ ನಮ್ಮ ಕಡೆಗೆ ಹೊಸಬನಲ್ಲ. ಅಶೋಕನ ಕಾಲದಲ್ಲಿ ರಕ್ಖಿತ ಎಂಬ ಥೇರನನ್ನು, ಎಂದರೆ ಹಿರಿಯ ಭಿಕ್ಷುವನ್ನು, ವನವಾಸಿಗೆ ಕಳಿಸಿದರು ಎಂದು ಸಿಂಹಳದ ಹಳೆಯ ಚರಿತ್ರೆಯ ಗ್ರಂಥ ಮಹಾವಂಶ ಹೇಳುತ್ತದೆ. ಅದು ನಮ್ಮ ಬನವಾಸಿ ಎಂದೇ ವಿದ್ವಾಂಸರ ಅಭಿಪ್ರಾಯ. ಅತ್ತೆಯವರು ಬನವಾಸಿಯ ಮಧುಕೇಶ್ವರನ ದರ್ಶನಕ್ಕೆ ಹೋದಾಗ ಅಲ್ಲಿರುವ ನಾಗಶಿಲೆ ತೋರಿಸಿ. ರಾಜಕುಮಾರಿಯೊಬ್ಬಳು ನಾಗ, ಕೆರೆ ಮತ್ತು ವಿಹಾರ (ಭಿಕ್ಷುಗಳು ಇರುವ ಮಠ) ಮಾಡಿಸಿದಳೆಂದು ಅದರ ಮೇಲೆ ಪ್ರಾಕೃತದಲ್ಲಿ ಕೆತ್ತಿದೆ. ನಾಗನೂ ವಿಹಾರವೂ ಒಂದೇ ಕಲ್ಲಿನಲ್ಲಿ! ಸಾಧ್ಯವಾದರೆ ಒಂದು ದಿನ ಅವರನ್ನು ಕೇಂದ್ರಕ್ಕೂ ಕರೆದುಕೊಂಡು ಹೋಗಿ, ಅಲ್ಲಿಯ ಊಟ ಮಾಡಲಿ.

ಪ್ರಶ್ನೆ: ನನ್ನ ಜರ್ಮನ್ ಗೆಳೆಯ ಕಾರವಾರಕ್ಕೆ ಬರುತ್ತಿದ್ದಾನೆ. ಇಬ್ಬರೂ ಮುಂಡಗೋಡದ ಟಿಬೆಟಿಯನ್ ಕಾಲೊನಿಯಲ್ಲಿ ಒಂದು ವಾರ ಉಳಿದು ಆಫೀಸಿನ ಕಂಪ್ಯೂಟರ್ ಕೆಲಸ ಮಾಡಿಕೊಡಬಹುದಾ?
— ವಿದ್ಯಾರ್ಥಿ, ಕಾರವಾರ

ಉತ್ತರ: ನಿಮಗೆ ಅಡ್ಡಿಯಿಲ್ಲ, ಅವರು ಕರೆದರೆ ಆಯಿತು. ಗೆಳೆಯನಿಗೆ ಕಷ್ಟ. ವಿದೇಶಿಯರು ಅಲ್ಲಿ ತಂಗಲು ಕೇಂದ್ರ ಗೃಹ ಇಲಾಖೆಯ ವಿಶೇಷ ಪರವಾನಗಿ ಬೇಕು, ಅದು ಕೈಗೆ ಬರಲು ತಿಂಗಳುಗಳೇ ಹಿಡಿಯಬಹುದು. ಟೂರಿಸ್ಟ್ ವೀಸಾದಲ್ಲಿ ಬಂದವರು ಕೆಲಸ ಮಾಡಬಹುದೇ ಎಂಬುದೂ ಬೇರೆ ಪ್ರಶ್ನೆ, ಸಂಬಳ ಇಲ್ಲದಿದ್ದರೂ ಕೇಳಿಕೊಳ್ಳಲೇಬೇಕು. ಟಿಕೆಟ್ ಬುಕ್ ಮಾಡುವ ಮೊದಲು ಆ ಆಫೀಸಿನವರನ್ನು ವಿಚಾರಿಸಿ. ಸುಮ್ನೆ ಕರೆದುಕೊಂಡು ಹೋಗಿ ರಾತ್ರಿ ಉಳಿಸಿದರೆ ತೊಂದರೆ ನಿಮ್ಮ ಗೆಳೆಯನಿಗೆ ಮಾತ್ರವಲ್ಲ, ಉಳಿಸಿಕೊಂಡವರಿಗೂ. ಈ ಸಲ ನೀವೊಬ್ಬರೇ ಹೋಗಿ ಬನ್ನಿ.