ಟಿಪಿ53ಯಲ್ಲಿ 98% ಬಂದ ಮಾಡೆಲ್ ಕೆರಾಸ್‌ನಲ್ಲಿ ಯಾಕೆ ಕೈಕೊಟ್ಟಿತು?

ಕ್ಯಾನ್ಸರಿಗೆ ಸಂಬಂಧಿಸಿದ ಟಿಪಿ53 ಜೀನಿನ ಕೋಡಿಂಗ್ ಭಾಗದ (ಪ್ರೋಟೀನ್ ಕಟ್ಟುವ ಭಾಗ) 1182 ಅಕ್ಷರಗಳಲ್ಲಿ 20ನ್ನು ಹಾಟ್‌ಸ್ಪಾಟ್ (ಗಡ್ಡೆಗಳಲ್ಲಿ ಪದೇಪದೇ ಕೆಡುವ ಜಾಗ) ಎಂದು ಗುರುತಿಸಿ ಮಾಡೆಲ್‌ಗೆ ಕಲಿಸಿದೆ, ನಿಖರತೆ 98% ಬಂತು, ಇನ್ನೊಂದು ಕ್ಯಾನ್ಸರ್ ಜೀನ್ ಕೆರಾಸ್ ಕೊಟ್ಟರೆ ಒಂದನ್ನೂ ಹಿಡಿಯಲಿಲ್ಲ ಅಂದಿದ್ದೀರಿ. ಮೊದಲು ಆ 98ನ್ನು ಮರೆತುಬಿಡಿ ಸರ್. ಕಣ್ಣುಮುಚ್ಚಿ ಎಲ್ಲಕ್ಕೂ "ಇಲ್ಲ" ಅಂದರೂ 1162 ಸರಿಯಾಗುತ್ತೆ, ಅದೇ 98.3%. ಆ 20ರಲ್ಲಿ ಎಷ್ಟು ಸಿಕ್ಕಿತು, "ಹೌದು" ಅಂದಿದ್ದರಲ್ಲಿ ಎಷ್ಟು ನಿಜ, ಇಷ್ಟೇ ನೋಡಿ.

ಅಸಲಿ ತೊಡಕು ಬೇರೆ. ಡಿಎನ್‌ಎ ಎಲ್ಲಿ ಸುಲಭವಾಗಿ ಕೆಡುತ್ತೆ ಅನ್ನೋದು ಒಂದು ಲೆಕ್ಕ, ಕೆಟ್ಟ ಕೋಶಗಳಲ್ಲಿ ಯಾವುದು ಬೆಳೆದು ಗಡ್ಡೆಯಾಗುತ್ತೆ ಅನ್ನೋದು ಇನ್ನೊಂದು. ಎರಡೂ ಕಲಸಿಹೋಗಿವೆ.

ಟಿಪಿ53ಯ 248ನೇ ಕೋಡಾನ್ (ಒಂದು ಅಮೈನೋ ಆಮ್ಲ ಸೂಚಿಸುವ ಮೂರಕ್ಷರ) ಸಿಜಿಜಿ. ಸಿ ಆದಮೇಲೆ ಜಿ ಬಂದರೆ ಆ ಸಿಗೆ ಸಾಮಾನ್ಯವಾಗಿ ಮೀಥೈಲ್ ಅನ್ನೋ ಸಣ್ಣ ರಾಸಾಯನಿಕ ಗುಂಪು ಅಂಟಿರುತ್ತೆ. ಅಂಥ ಸಿ ಅಮೈನ್ ಕಳಕೊಂಡರೆ ಟಿ ಆಗುತ್ತೆ. ಈ ಎಳೆಯಲ್ಲಾದರೆ ಟಿಜಿಜಿ, ಎದುರು ಎಳೆಯಲ್ಲಾದರೆ ಸಿಎಜಿ. ಗಡ್ಡೆಗಳಲ್ಲಿ ಅಲ್ಲಿ ಹೆಚ್ಚಾಗಿ ಸಿಗುವುದೂ ಇವೆರಡೇ. 175, 273, 282 ಕೂಡ ಇದೇ ಜಾತಿ. ನಿಮ್ಮ ಮಾಡೆಲ್ "ಸಿಜಿ ಕಂಡರೆ ಹೌದು" ಅಂತ ಉರುಹೊಡೆದಿರಬೇಕು. ಕೆರಾಸ್‌ನ 12ನೇ ಕೋಡಾನ್ ಜಿಜಿಟಿ, ಅಲ್ಲಿ ಸಿಜಿಯೇ ಇಲ್ಲ. ಬಿರಾಫ್ ಅನ್ನೋ ಕ್ಯಾನ್ಸರ್ ಜೀನಿನ 600ರಲ್ಲೂ ಇಲ್ಲ. ಅಲ್ಲಿ ಕೋಶಕ್ಕೆ ಸಿಗುವ ಬೆಳವಣಿಗೆಯ ಲಾಭವೇ ದೊಡ್ಡದು.

ಹಾಗಾಗಿ ಹಿನ್ನೆಲೆ ದರ, ಅಂದರೆ ಬೆಳವಣಿಗೆಯ ಲಾಭ ಇಲ್ಲದೆಯೂ ಡಿಎನ್‌ಎ ಎಷ್ಟು ಕೆಡುತ್ತೆ ಅನ್ನೋದು, ಮೊದಲು ಕಟ್ಟಿ. ಒಂದೇ ಬಗೆಯ ಕ್ಯಾನ್ಸರಿನ ಪೂರ್ತಿ ಎಕ್ಸೋಮ್ (ಎಲ್ಲ ಜೀನ್‌ಗಳ ಕೋಡಿಂಗ್ ಭಾಗ) ಡೇಟಾ ತಗೊಳ್ಳಿ, ಒಂದು ಜೀನಿನಿಂದ ಇದು ಹುಟ್ಟಲ್ಲ. ಪ್ರೋಟೀನ್ ಬದಲಿಸದ ಮ್ಯುಟೇಷನ್‌ಗಳನ್ನು (ಡಿಎನ್‌ಎ ಅಕ್ಷರ ಬದಲಾವಣೆ) 96 ಬಗೆಯಾಗಿ ಎಣಿಸಿ: 6 ಬದಲಾವಣೆ, ಅಕ್ಕಪಕ್ಕದ ಅಕ್ಷರಗಳ 16 ಜೋಡಿ. ಅದೇ ಮೂರಕ್ಷರದಲ್ಲಿ ಪ್ರೋಟೀನ್ ಬದಲಿಸದ ಅವಕಾಶ ಎಷ್ಟಿತ್ತೋ ಅದರಿಂದ ಭಾಗಿಸಿ. ಆಮೇಲೆ ಪ್ರತಿ ಜಾಗಕ್ಕೂ ನಿರೀಕ್ಷೆಗಿಂತ ಎಷ್ಟು ಪಟ್ಟು ಹೆಚ್ಚು ಬಂದಿದೆ ಅನ್ನೋದನ್ನೇ ಮಾಡೆಲ್‌ಗೆ ಗುರಿಯಾಗಿ ಕೊಡಿ. ಬರೀ ಎಣಿಕೆ ಕೊಟ್ಟರೆ, ಉದ್ದ ಇರುವ ಒಂದೇ ತಪ್ಪಿಗೆ ಟೈಟಿನ್ ಜೀನ್ ಮೊದಲ ಸಾಲಿನಲ್ಲಿ ಕೂರುತ್ತೆ. ಕ್ಯಾನ್ಸರ್‌ಗಳನ್ನು ಬೆರೆಸಬೇಡಿ: ಬಿಸಿಲಿನಿಂದ ಬರುವ ಮೆಲನೋಮ ಅನ್ನೋ ಚರ್ಮದ ಕ್ಯಾನ್ಸರಿನಲ್ಲಿ ಸಿಯಿಂದ ಟಿ, ಸಿಗರೇಟಿನಿಂದ ಬರುವ ಶ್ವಾಸಕೋಶದ ಕ್ಯಾನ್ಸರಿನಲ್ಲಿ ಜಿಯಿಂದ ಟಿ ಜಾಸ್ತಿ.

ಪರೀಕ್ಷೆಗೆ ಸಾಲುಗಳನ್ನು ಯದ್ವಾತದ್ವಾ ಎತ್ತಿಡದೆ ಇಡೀ ಜೀನ್‌ಗಳನ್ನೇ ಬದಿಗಿಡಿ. ಇಲ್ಲದಿದ್ದರೆ ಅದೇ ಕೋಡಾನ್ ಎರಡೂ ಕಡೆ ಸೇರಿಕೊಳ್ಳುತ್ತೆ.

ಇನ್ನೊಂದು: ಟಿಪಿ53, ಕೆರಾಸ್ ಎರಡೂ ಮೈನಸ್ ಎಳೆಯಲ್ಲಿವೆ, ಅಂದರೆ ಜೀನೋಮ್ ಫೈಲಿನಲ್ಲಿ ಬರೆದಿರುವ ಎಳೆಯ ಎದುರು ಎಳೆಯಲ್ಲಿ. ನಿಮ್ಮ ಕೋಡ್ ಕೆರಾಸ್‌ನ 12ನೇ ಕೋಡಾನನ್ನು ಪ್ರಿಂಟ್ ಮಾಡಿಸಿ ನೋಡಿ. ಜಿಜಿಟಿ ಬದಲು ಎಸಿಸಿ ಬಂದರೆ ಎಳೆ ತಿರುಗಿಸುವುದು ಬಿಟ್ಟುಹೋಗಿದೆ.