ಫಲಿತಾಂಶ ಗೊತ್ತಾದ ಮೇಲೆ ಬರೆದ ಜಗಳ

ನಮಸ್ಕಾರ.

ನ್ಯೂಜೆರ್ಸಿಯಿಂದ ನೀವು ಕಳಿಸಿದ ಲೇಖನ ಓದಿದೆ. ಸಾಮಾನ್ಯವಾಗಿ ಹಾಕಲು ಆಗದ ಬರಹಕ್ಕೆ ಎರಡು ಸಾಲು ಬರೆದು ಸುಮ್ಮನಾಗುತ್ತೇನೆ. ನಿಮ್ಮದು ಸುಮ್ಮನಿರಲು ಬಿಡಲಿಲ್ಲ. ಮೊದಲ ಎರಡು ಪುಟ ಓದುವಾಗ ಇದನ್ನು ಈ ಸಂಚಿಕೆಗೇ ಹಾಕಿಬಿಡೋಣ ಅಂದುಕೊಂಡಿದ್ದೆ. ಮೂರನೇ ಪುಟ ಮುಗಿಯುವ ಹೊತ್ತಿಗೆ ಸಿಟ್ಟು ಬಂದಿತ್ತು. ಆ ಸಿಟ್ಟಿನಿಂದ ಬೇರೆ ಹೊಸ ಬರಹಗಾರರಿಗೂ ಉಪಯೋಗ ಆಗಬಹುದು ಅನ್ನಿಸಿ, ನಿಮ್ಮ ಹೆಸರು ಹಾಕದೆ ಈ ಅಂಕಣದಲ್ಲೇ ಉತ್ತರಿಸುತ್ತಿದ್ದೇನೆ.

ಓದುಗರಿಗೆ ಹಿನ್ನೆಲೆ ಹೇಳಿಬಿಡುತ್ತೇನೆ. 2022ರ ಜುಲೈ. ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ, ಡಲ್ಲಾಸ್ ಮ್ಯಾವರಿಕ್ಸ್ ಜೊತೆಗಿನ ಒಪ್ಪಂದ ಮುಗಿದು ಫ್ರೀ ಏಜೆಂಟ್ (ಬೇಕಾದ ತಂಡ ಸೇರಬಹುದಾದ ಆಟಗಾರ) ಆಗಿದ್ದ ಜೇಲನ್ ಬ್ರನ್ಸನ್‌ನನ್ನು ನ್ಯೂಯಾರ್ಕ್ ನಿಕ್ಸ್ ತಂಡ 4 ವರ್ಷಕ್ಕೆ 104 ಮಿಲಿಯನ್ ಡಾಲರ್ ಕೊಟ್ಟು ತನ್ನ ಕಡೆಗೆ ಕರೆಸಿಕೊಂಡಿತು. ಇಷ್ಟು ಬೆಲೆ ಬಾಳುತ್ತಾನಾ ಇವನು? ನಮ್ಮ ಲೇಖಕರ ಆಫೀಸಿನ ಗೆಳೆಯರು ದಿನಾ ರೈಲಿನಲ್ಲಿ ಇದೇ ಜಗಳ ಆಡುತ್ತಿದ್ದರು. ಎಲ್ಲರೂ ನಿಕ್ಸ್ ಅಭಿಮಾನಿಗಳೇ. ಒಬ್ಬರು ವಯಸ್ಸಾದವರು, ತಂಡವನ್ನು ಹುಡುಗಾಟದ ವಯಸ್ಸಿನಿಂದ ನೋಡುತ್ತಾ ಬಂದವರು. ಅವರಿಗೆ ಈ ಒಪ್ಪಂದ ಸುತರಾಂ ಇಷ್ಟ ಇರಲಿಲ್ಲ. ಬ್ರನ್ಸನ್ ಪರ ವಾದಿಸುತ್ತಿದ್ದವನು ಹಾಸನದ ಹುಡುಗ, ಲೇಖಕರ ರೂಮ್‌ಮೇಟ್. ರೈಲು ನಿಲ್ಲುವ ಪೆನ್ ಸ್ಟೇಷನ್‌ನ ತಲೆಯ ಮೇಲೇ ನಿಕ್ಸ್ ಆಡುವ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಇರುವುದರಿಂದ, ಇಳಿದ ಮೇಲೂ ಜಗಳ ನಿಲ್ಲುತ್ತಿರಲಿಲ್ಲವಂತೆ.

ರೈಲಿನ ಚಿತ್ರ ಚೆನ್ನಾಗಿದೆ. ಕನ್ನಡ ತಿಳಿಯಾಗಿದೆ. ಎನ್‌ಬಿಎ ಬಗ್ಗೆ ನಮ್ಮಲ್ಲಿ ಬರೆಯುವವರೇ ಕಡಿಮೆ, ಬರೆದದ್ದಕ್ಕೆ ಸಂತೋಷ. ಇನ್ನು ತಕರಾರಿಗೆ ಬರುತ್ತೇನೆ.

ನಿಮ್ಮ ಮೂರನೇ ಪುಟದ ಮೊದಲ ಸಾಲು ಹೀಗಿದೆ: “ಇತಿಹಾಸ ತಮ್ಮ ಬಾಯಿ ಮುಚ್ಚಿಸಲಿದೆ ಎಂಬುದು ಪಾಪ ಅವರಿಗೆ ಗೊತ್ತಿರಲಿಲ್ಲ.”

ಗೊತ್ತಿರಲಿಲ್ಲ, ಸರಿ. ನಿಮಗೆ ಗೊತ್ತಿತ್ತಾ? ನೀವೂ ಅದೇ ರೈಲಿನಲ್ಲಿ ಕೂತಿದ್ದಿರಿ. ನಿಮ್ಮ ಲೇಖನದ ಪ್ರಕಾರವೇ ಆಗ ನೀವು ಯಾರ ಪರವೂ ಮಾತಾಡಿರಲಿಲ್ಲ. ಬ್ರನ್ಸನ್ ಮೊದಲ ವರ್ಷವೇ ಪಂದ್ಯಕ್ಕೆ ಸರಾಸರಿ 24 ಪಾಯಿಂಟ್ ಹೊಡೆದದ್ದು, ಅದರ ಮುಂದಿನ ಸೀಸನ್‌ನಲ್ಲಿ 28.7ಕ್ಕೆ ಏರಿದ್ದು, 2025ರಲ್ಲಿ ತಂಡ ಪೂರ್ವ ವಲಯದ ಫೈನಲ್ ತಲುಪಿದ್ದು (2000ರ ನಂತರ ಅದೇ ಮೊದಲು), ಇವೆಲ್ಲ ಆದ ಮೇಲೆ ಕೂತು ಬರೆದಿದ್ದೀರಿ. ಬರೆಯಿರಿ, ಬೇಡ ಅನ್ನಲ್ಲ. ಆದರೆ ಉತ್ತರ ಪತ್ರಿಕೆ ಜೇಬಿನಲ್ಲಿ ಇಟ್ಟುಕೊಂಡು ಪಕ್ಕದವರ ಅಂಕ ಎಣಿಸುವುದು ನನಗೆ ಸಹಿಸಲು ಆಗದ ವಿಷಯ.

ಮುಂದಿನ ಸಾಲು: “‘ಇವನು ಒಂದು ಸಲವೂ ಆಲ್-ಸ್ಟಾರ್ ಆಗಿಲ್ಲ’ ಎಂದು ಮುದುಕ ಏನೂ ತಿಳಿಯದವನ ಹಾಗೆ ನಕ್ಕ.”

ಮೊದಲು ಆ ‘ಮುದುಕ’ ತೆಗೆಯಿರಿ. ಆ ಮೇಲೆ ‘ಏನೂ ತಿಳಿಯದವನ ಹಾಗೆ’ ತೆಗೆಯಿರಿ. ಅವರು ಹೇಳಿದ್ದು ನಿಜ ಅಲ್ವಾ? 2022ರ ಜುಲೈ ಹೊತ್ತಿಗೆ ಬ್ರನ್ಸನ್ ಆಲ್-ಸ್ಟಾರ್ ಆಗಿರಲಿಲ್ಲ, ಅಂದರೆ ವರ್ಷದ ಅತ್ಯುತ್ತಮ ಆಟಗಾರರ ಪಂದ್ಯಕ್ಕೆ ಆಯ್ಕೆಯಾಗಿರಲಿಲ್ಲ. ತಂಡಗಳು ಸರದಿಯಲ್ಲಿ ಹೊಸ ಆಟಗಾರರನ್ನು ಆರಿಸಿಕೊಳ್ಳುವ 2018ರ ಡ್ರಾಫ್ಟ್‌ನಲ್ಲಿ 33ನೆಯವನಾಗಿ, ಅಂದರೆ ಎರಡನೇ ಸುತ್ತಿನಲ್ಲಿ ಬಂದವನು. ಗಿಡ್ಡ. ಡಲ್ಲಾಸ್‌ನಲ್ಲಿ ಪಕ್ಕದಲ್ಲಿ ಲುಕಾ ಡಾನ್ಚಿಚ್ ಇದ್ದ. ಎದುರಾಳಿಗಳ ಕಣ್ಣೆಲ್ಲ ಲುಕಾ ಮೇಲೆ, ಇವನಿಗೆ ಆಡಲು ಜಾಗ ಸಿಗುತ್ತಿತ್ತು. 2021ರ ಪ್ಲೇಆಫ್‌ನಲ್ಲಿ (ಸೀಸನ್ ಕೊನೆಯ ನಾಕೌಟ್ ಸರಣಿಗಳು) ಕ್ಲಿಪ್ಪರ್ಸ್ ತಂಡದ ಎದುರು ಇವನನ್ನು ಜಾಸ್ತಿ ಹೊತ್ತು ಆಡಿಸಲೂ ಇಲ್ಲ. ಅಂಥವನಿಗೆ ಮೊದಲ ವರ್ಷ 27.7 ಮಿಲಿಯನ್. ಅವನ ಅನುಭವದ ಆಟಗಾರನಿಗೆ ಆ ವರ್ಷ ನಿಯಮದ ಪ್ರಕಾರ ಕೊಡಬಹುದಾಗಿದ್ದ ಗರಿಷ್ಠ ಸಂಬಳವೇ ಸುಮಾರು 30.9 ಮಿಲಿಯನ್. ಮುಖ ಗಂಟಿಕ್ಕುವುದು ತಪ್ಪಾ?

ಇನ್ನೂ ಒಂದು ವಿಷಯ ಇದೆ. ಅದನ್ನು ಅವರೇ ನಿಮಗೆ ಹೇಳಿದ್ದಾರೆ, ನೀವೇ ಬರೆದಿದ್ದೀರಿ, ಬರೆದೂ ದಾಟಿಕೊಂಡು ಹೋಗಿದ್ದೀರಿ: “ಜೋಕಿಮ್ ನೋವಾ, ಹ್ಯೂಸ್ಟನ್ ಎಂದೆಲ್ಲ ಹಳೆಯ ಹೆಸರುಗಳನ್ನು ಗೊಣಗಿದ.”

ಇಲ್ಲಿ ನಾನು ಪೆನ್ನು ಕೆಳಗಿಟ್ಟೆ. ನಿಮ್ಮ ಲೇಖನದ ಜೀವ ಇರುವುದೇ ಈ ಗೊಣಗಾಟದಲ್ಲಿ. 2001ರಲ್ಲಿ ಇದೇ ನಿಕ್ಸ್ ಅಲನ್ ಹ್ಯೂಸ್ಟನ್‌ಗೆ 6 ವರ್ಷಕ್ಕೆ ಸುಮಾರು 100 ಮಿಲಿಯನ್ ಕೊಟ್ಟಿತು. ಮೊಣಕಾಲು ಕೈಕೊಟ್ಟು 2005ರಲ್ಲಿ ಆಟವೇ ಮುಗಿಯಿತು. ಆ ವರ್ಷ ಲೀಗ್ ಇಂಥ ಒಪ್ಪಂದಗಳಿಗೆ ಒಂದು ವಿನಾಯಿತಿ (ಆಟಗಾರನನ್ನು ಕೈಬಿಟ್ಟರೆ ಅವನ ಸಂಬಳದ ಮೇಲೆ ಲೀಗಿನ ದಂಡ ತೆರಿಗೆ ಇಲ್ಲ) ತಂದಾಗ ಜನ ಅದಕ್ಕೆ ಹ್ಯೂಸ್ಟನ್ ಹೆಸರನ್ನೇ ಇಟ್ಟರು. ತಮಾಷೆ ಎಂದರೆ ನಿಕ್ಸ್ ಆ ವಿನಾಯಿತಿಯನ್ನು ಹ್ಯೂಸ್ಟನ್ ಮೇಲೆ ಬಳಸದೆ ಜೆರೋಮ್ ವಿಲಿಯಮ್ಸ್ ಎಂಬ ಬೇರೊಬ್ಬನ ಮೇಲೆ ಬಳಸಿತು. 2010ರಲ್ಲಿ ಅಮಾರೆ ಸ್ಟೌಡಮೈರ್, 5 ವರ್ಷ, ಮತ್ತೆ ಹತ್ತಿರ ಹತ್ತಿರ 100 ಮಿಲಿಯನ್. ಮೊದಲ ವರ್ಷ ಅಬ್ಬರಿಸಿದ, ಆಮೇಲೆ ಮತ್ತೆ ಮೊಣಕಾಲು. 2016ರಲ್ಲಿ ನೋವಾ, 4 ವರ್ಷಕ್ಕೆ 72 ಮಿಲಿಯನ್. ಮೊದಲ ಸೀಸನ್‌ನಲ್ಲಿ ಆಡಿದ್ದು 46 ಪಂದ್ಯ, ಎರಡನೆಯದರಲ್ಲಿ 7. 2018ರಲ್ಲಿ ಅವನನ್ನು ಕೈಬಿಟ್ಟರು. ಆದರೆ ಉಳಿದ ಹಣದಲ್ಲಿ ಒಂದು ಪಾಲನ್ನು ವರ್ಷಗಳ ಮೇಲೆ ಹಂಚಿದ್ದರಿಂದ, 2021–22ರ ಸೀಸನ್ ಮುಗಿಯುವವರೆಗೂ ವರ್ಷಕ್ಕೆ ಸುಮಾರು 6.4 ಮಿಲಿಯನ್ ಅವನ ಹೆಸರಿನಲ್ಲಿ ನಿಕ್ಸ್‌ನ ಸಂಬಳದ ಲೆಕ್ಕದಲ್ಲಿ ಕೂತೇ ಇತ್ತು.

ತಾರೀಖು ನೋಡಿದಿರಾ? ನೋವಾನ ಲೆಕ್ಕ ಚುಕ್ತಾ ಆದದ್ದೂ, ಬ್ರನ್ಸನ್ ಬಂದದ್ದೂ ಒಂದೇ ಬೇಸಿಗೆಯಲ್ಲಿ. ಆ ಹಿರಿಯರು ರೈಲಿನಲ್ಲಿ ಆ ಹೆಸರು ಎತ್ತಿದ್ದು ಹಳೆಯ ಚಾಳಿಯಿಂದ ಅಲ್ಲ. ಇನ್ನೂ ವಾಸಿಯಾಗದ ಗಾಯ ಅದು. ಇದನ್ನು ಬರೆಯದೆ “ಗೊಣಗಿದ” ಎಂದು ಒಂದು ಕ್ರಿಯಾಪದದಲ್ಲಿ ಮುಗಿಸಿದಿರಿ.

ಅವರ ಇನ್ನೊಂದು ಮಾತನ್ನೂ ನೀವು ನಗೆಗೆ ಬಳಸಿದ್ದೀರಿ: “ಅಪ್ಪನ ಕಂಪನಿಯಲ್ಲಿ ಮಗನಿಗೆ ಕೆಲಸ ಅಂತೆ!” ನಗುವಂಥದ್ದು ಏನಿದೆ? ಬ್ರನ್ಸನ್‌ನ ತಂದೆ ರಿಕ್ ಬ್ರನ್ಸನ್ ಅದೇ ಬೇಸಿಗೆಯಲ್ಲಿ ನಿಕ್ಸ್‌ನ ಸಹಾಯಕ ಕೋಚ್ ಆಗಿ ಸೇರಿದರು. ತಂಡದ ಅಧ್ಯಕ್ಷ ಲಿಯೋನ್ ರೋಸ್ ಹಿಂದೆ ಆಟಗಾರರ ಏಜೆಂಟ್ ಆಗಿದ್ದವರು, ರಿಕ್ ಅವರ ಮೊದಲ ಕಕ್ಷಿದಾರ. ಮಾತುಕತೆಯನ್ನು ಅನುಮತಿಸಿದ ದಿನಕ್ಕಿಂತ ಮೊದಲೇ ಶುರು ಮಾಡಿದ್ದಕ್ಕೆ ಲೀಗ್ ಆಮೇಲೆ ನಿಕ್ಸ್‌ನ 2025ರ ಎರಡನೇ ಸುತ್ತಿನ ಡ್ರಾಫ್ಟ್ ಆಯ್ಕೆಯನ್ನೇ ಕಿತ್ತುಕೊಂಡಿತು. ಹಿರಿಯರ ಅನುಮಾನಕ್ಕೆ ಬುಡ ಇತ್ತು.

ಹಾಸನದ ಹುಡುಗನಿಗೂ ನೀವು ನ್ಯಾಯ ಮಾಡಿಲ್ಲ. “ನೋಡ್ತಾ ಇರಿ, ಇವನೇ ರಾಜ” ಎಂಬ ಒಂದೇ ಮಾತು ಅವನ ಬಾಯಲ್ಲಿ ಮೂರು ಕಡೆ ಬರುತ್ತದೆ. ಅವನು ಜ್ಯೋತಿಷಿ ಅಲ್ಲ ತಾನೇ? 2022ರ ಪ್ಲೇಆಫ್‌ನ ಮೊದಲ ಸುತ್ತಿನಲ್ಲಿ ಯೂಟಾ ಎದುರು ಮೊದಲ ಮೂರು ಪಂದ್ಯಕ್ಕೆ ಗಾಯಗೊಂಡ ಲುಕಾ ಇರಲಿಲ್ಲ. ಎರಡನೇ ಪಂದ್ಯದಲ್ಲಿ ಬ್ರನ್ಸನ್ ಒಬ್ಬನೇ 41 ಹೊಡೆದ, ಮೂರನೆಯದರಲ್ಲಿ 31. ಡಲ್ಲಾಸ್ ಆ ಸರಣಿ ಗೆದ್ದು ಪಶ್ಚಿಮ ವಲಯದ ಫೈನಲ್ ತನಕ ಹೋಯಿತು. ಹುಡುಗ ಅದನ್ನು ನೋಡಿಯೇ ಮಾತಾಡಿರಬೇಕು. ಆ ಮೂರು ಪಂದ್ಯ ಒಂದು ಕಡೆ, ಇಪ್ಪತ್ತು ವರ್ಷದ ಮೊಣಕಾಲುಗಳು ಇನ್ನೊಂದು ಕಡೆ. ಇಂಥ ಜಗಳ ಕೈಗೆ ಸಿಕ್ಕಿತ್ತಲ್ಲ ನಿಮಗೆ!

ನಾನು ಕ್ರೀಡಾ ಡೆಸ್ಕಿಗೆ ಹೊಸದಾಗಿ ಸೇರಿದ್ದ ದಿನಗಳಲ್ಲಿ ನಮ್ಮ ಹಿರಿಯರೊಬ್ಬರು ಒಂದು ಪದ್ಧತಿ ಇಟ್ಟಿದ್ದರು. ಪಂದ್ಯ ವರದಿ ಮಾಡುವ ಕೆಲಸ ಅನುಭವಿಗಳಿಗೆ. ಹೊಸಬರ ಕೆಲಸ, ಪಂದ್ಯ ಶುರುವಾಗುವ ಮೊದಲು ಜನ ಏನು ಮಾತಾಡುತ್ತಾರೆ ಅಂತ ಬರೆದುಕೊಂಡು ಬರುವುದು. 1996ರ ಮಾರ್ಚ್ 9ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಭಾರತ–ಪಾಕಿಸ್ತಾನ ವಿಶ್ವಕಪ್ ಕ್ವಾರ್ಟರ್ ಫೈನಲ್ ಇತ್ತು. ನನ್ನನ್ನು ಹೊರಗೆ ಸಾಲಿನಲ್ಲಿ ನಿಲ್ಲಿಸಿದರು. ಟಿಕೆಟ್ ಹಿಡಿದು ನಿಂತ ಒಬ್ಬರು, ಮಲ್ಲೇಶ್ವರದವರು, ವೆಂಕಟೇಶ್ ಪ್ರಸಾದ್ ಬಗ್ಗೆ ಕಿಡಿ ಕಾರುತ್ತಿದ್ದರು. ನಮ್ಮೂರ ಹುಡುಗ, ಒಳ್ಳೆಯವನು, ಆದರೆ ಅನ್ವರ್ ಮತ್ತು ಸೊಹೇಲ್ ಎದುರು ಈ ವೇಗ ಏನಕ್ಕೂ ಸಾಲಲ್ಲ, ಚಚ್ಚಿ ಬಿಸಾಕ್ತಾರೆ ಅಂತ. ಬರೆದುಕೊಂಡೆ.

ಸಂಜೆ ಏನಾಯಿತು ಅಂತ ಕರ್ನಾಟಕದ ಮಗುವಿಗೂ ಗೊತ್ತು. ಸೊಹೇಲ್ ಬೌಂಡರಿ ಹೊಡೆದು ಬ್ಯಾಟ್ ತೋರಿಸಿದ, ಮುಂದಿನ ಚೆಂಡಿಗೇ ಪ್ರಸಾದ್ ಸ್ಟಂಪ್ ಹಾರಿಸಿದರು. ರಾತ್ರಿ ಡೆಸ್ಕಿನಲ್ಲಿ ನನ್ನ ಪಕ್ಕದ ಗೆಳೆಯ, ಆ ಮಲ್ಲೇಶ್ವರದವರ ಮಾತಿಗೆ ಕೊನೆಯಲ್ಲಿ ಒಂದು ಚುಚ್ಚು ಸಾಲು ಸೇರಿಸೋಣ ಅಂದ. ಹಿರಿಯರು ಕೂತಲ್ಲಿಂದಲೇ ಕೇಳಿಸಿಕೊಂಡು, “ಬೇಡ. ಹದಿನಾಲ್ಕನೇ ಓವರ್ ತನಕ ಆ ಮನುಷ್ಯ ಹೇಳಿದ್ದೇ ನಡೀತಾ ಇತ್ತು. ಇದ್ದ ಹಾಗೇ ಹಾಕಿ” ಅಂದರು. ಹಾಗೇ ಅಚ್ಚಾಯಿತು. ಮರುದಿನ ಓದಿದವರಿಗೆ ಆ ಮಾತು ಪಂದ್ಯದಷ್ಟೇ ರುಚಿಸಿತು. ಫಲಿತಾಂಶ ಓದುಗರ ತಲೆಯಲ್ಲಿ ಆಗಲೇ ಇತ್ತು. ನಾವು ನೆನಪಿಸುವ ಅಗತ್ಯ ಇರಲಿಲ್ಲ. ಆ ಹಿರಿಯರು ಬರವಣಿಗೆ ಬಗ್ಗೆ ಪಾಠ ಅಂತ ಕೂರಿಸಿ ಹೇಳಿದ್ದು ಇಲ್ಲವೇ ಇಲ್ಲ. ಟೀ ಕೊಡಿಸುತ್ತಿದ್ದರು, ಕಾಪಿ ಹರಿಯುತ್ತಿದ್ದರು, ಅಷ್ಟೇ. ಅವರ ಕೈಬರಹ ಅವರಿಗೇ ಓದಲು ಬರುತ್ತಿರಲಿಲ್ಲ ಅನ್ನುವುದು ಬೇರೆ ಕತೆ.

ಎರಡನೆಯ ತಕರಾರು. ನಿಮ್ಮ ಲೇಖನದ ಎರಡನೇ ಪ್ಯಾರಾ: “104 ಮಿಲಿಯನ್ ಡಾಲರ್ ಎಂದರೆ ಸುಮಾರು 820 ಕೋಟಿ ರೂಪಾಯಿ! ಒಂದು ಚೆಂಡನ್ನು ಬುಟ್ಟಿಗೆ ಹಾಕುವುದಕ್ಕೆ!”

ಲೆಕ್ಕ ಸರಿ ಇದೆ. ಆಗಿನ ದರದಲ್ಲಿ ಅಷ್ಟೇ ಆಗುತ್ತದೆ. ಆದರೆ ಆ ಎರಡು ಉದ್ಗಾರ ಚಿಹ್ನೆ ಜಗಳವನ್ನೇ ಬೇರೆ ದಾರಿಗೆ ಎಳೆದುಕೊಂಡು ಹೋಗುತ್ತವೆ. ರೈಲಿನಲ್ಲಿದ್ದ ಯಾರೂ ‘ಇಷ್ಟೊಂದು ದುಡ್ಡಾ’ ಅಂತ ಬಾಯಿ ಬಿಡುತ್ತಿರಲಿಲ್ಲ. ಅದು ಮಾಲೀಕರ ದುಡ್ಡು. ಅಭಿಮಾನಿ ಕೇಳುವುದು, ಸ್ಯಾಲರಿ ಕ್ಯಾಪ್‌ನಲ್ಲಿ ಇವನು ಎಷ್ಟು ಜಾಗ ತಿನ್ನುತ್ತಾನೆ ಅಂತ. ನಿಮ್ಮ ಇಡೀ ಲೇಖನದಲ್ಲಿ ಸ್ಯಾಲರಿ ಕ್ಯಾಪ್ ಎಂಬ ಮಾತೇ ಇಲ್ಲ! ಒಂದು ತಂಡ ತನ್ನ ಆಟಗಾರರ ಸಂಬಳಕ್ಕೆ ಇಷ್ಟರೊಳಗೆ ಇರಬೇಕು ಅಂತ ಲೀಗ್ ವರ್ಷ ವರ್ಷ ಗೆರೆ ಎಳೆಯುತ್ತದೆ. ವಿನಾಯಿತಿಗಳಿವೆ, ಗೆರೆ ದಾಟಬಹುದು, ಆದರೆ ಹೊರಗಿನಿಂದ ದೊಡ್ಡ ಫ್ರೀ ಏಜೆಂಟ್‌ನನ್ನು ತರಬೇಕಾದರೆ ಗೆರೆಯೊಳಗೆ ಜಾಗ ಬೇಕು. ಬ್ರನ್ಸನ್‌ಗೆ ಜಾಗ ಮಾಡಲು ನಿಕ್ಸ್ ಕೆಂಬಾ ವಾಕರ್, ನರ್ಲೆನ್ಸ್ ನೋಯೆಲ್, ಅಲೆಕ್ ಬರ್ಕ್ಸ್ ಮೂವರನ್ನೂ ಡೆಟ್ರಾಯಿಟ್‌ಗೆ ಸಾಗಹಾಕಿತು. ಕೆಟ್ಟ ಒಪ್ಪಂದ ಅಂದರೆ ಬಸ್ಸಿನ ಸೀಟಿಗೆ ಟವೆಲ್ ಹಾಕಿ ಇಳಿದು ಹೋದವನ ಹಾಗೆ. ಆಸಾಮಿ ಇಲ್ಲ, ಸೀಟೂ ಇಲ್ಲ.

ಇದರ ನಿಜವಾದ ಬೆಲೆ ಏನು ಅಂತ ತಿಳಿಯಬೇಕಾದರೆ ಲಾಸ್ ಏಂಜಲೀಸ್‌ನ ಲೇಕರ್ಸ್ ತಂಡವನ್ನು ನೋಡಿ. 2016ರಲ್ಲಿ ಹೊಸ ಟಿವಿ ಒಪ್ಪಂದದ ಹಣ ಬಂದು ಕ್ಯಾಪ್ ಒಂದೇ ವರ್ಷದಲ್ಲಿ 70ರಿಂದ 94 ಮಿಲಿಯನ್‌ಗೆ ಹಾರಿತು. ಎಲ್ಲರ ಜೇಬಿನಲ್ಲೂ ಜಾಗವೇ ಜಾಗ. ಲೇಕರ್ಸ್ ಟಿಮೊಫೆ ಮಾಜ್ಗೊವ್‌ಗೆ 4 ವರ್ಷಕ್ಕೆ 64 ಮಿಲಿಯನ್ ಬರೆದುಕೊಟ್ಟಿತು. ಮರುವರ್ಷವೇ ಅವನು ಬೇಡವಾದ. ಅವನನ್ನು ಬ್ರೂಕ್ಲಿನ್‌ಗೆ ದಾಟಿಸಲು ಜೊತೆಗೆ ಡಿ’ಆಂಜೆಲೊ ರಸೆಲ್‌ನನ್ನು, 2015ರ ಡ್ರಾಫ್ಟ್‌ನಲ್ಲಿ ಎರಡನೆಯವನಾಗಿ ಆರಿಸಿದ್ದ ಹುಡುಗನನ್ನು, ಕಳಿಸಿಕೊಡಬೇಕಾಯಿತು. ಅಭಿಮಾನಿ ಕಳೆದುಕೊಳ್ಳುವುದು ಇದನ್ನು. ಕೋಟಿಗಳನ್ನಲ್ಲ.

ಬ್ರನ್ಸನ್ ವಿಷಯದಲ್ಲಿ ಇದೇ ಲೆಕ್ಕ ಎಷ್ಟು ಚೆನ್ನಾಗಿ ಕೂರುತ್ತದೆ ನೋಡಿ. 2022–23ರ ಕ್ಯಾಪ್ ಸುಮಾರು 123.7 ಮಿಲಿಯನ್, ಅದರಲ್ಲಿ ಅವನ 27.7 ಅಂದರೆ ಶೇ 22ರಷ್ಟು. ಒಪ್ಪಂದವನ್ನು ಮೊದಲ ಮೂರು ವರ್ಷ ಸಂಬಳ ಇಳಿಯುತ್ತಾ ಹೋಗುವ ಹಾಗೆ ಬರೆದಿದ್ದರು. ಮೂರನೇ ವರ್ಷ ಅವನ ಸಂಬಳ 25 ಮಿಲಿಯನ್‌ಗೆ ಇಳಿದಿತ್ತು, ಕ್ಯಾಪ್ 140.6ಕ್ಕೆ ಏರಿತ್ತು. ಶೇ 18ಕ್ಕಿಂತಲೂ ಕಡಿಮೆ. ಅವನು ಚೆನ್ನಾಗಿ ಆಡಿದ್ದು ಅರ್ಧ ಕತೆ ಮಾತ್ರ. ಇನ್ನರ್ಧ ಇರುವುದು ಒಪ್ಪಂದ ಬರೆದ ರೀತಿಯಲ್ಲಿ. ರೈಲಿನಲ್ಲಿ ಇದನ್ನು ಯಾರಾದರೂ ಹೇಳಿದ್ದರಾ? ಹೇಳಿದ್ದರೆ ಹಾಕಿ. ಹೇಳಿರದಿದ್ದರೆ ಅವರ ಬಾಯಿಗೆ ತುರುಕಬೇಡಿ, ನೀವೇ ನಿಮ್ಮ ದನಿಯಲ್ಲಿ ಒಂದೆರಡು ಸಾಲಿನಲ್ಲಿ ಹೇಳಿ.

ಉಳಿದ ಸಣ್ಣಪುಟ್ಟ ತಪ್ಪುಗಳನ್ನು ನಾನೇ ತಿದ್ದಿಕೊಳ್ಳುತ್ತೇನೆ. ನೀವು ಮಾಡಬೇಕಾದ್ದು ಇಷ್ಟು. 2022ರ ಆ ಜುಲೈ ಬಿಟ್ಟು ಆಚೆ ಹೋಗದೆ ರೈಲಿನ ಭಾಗವನ್ನು ಮತ್ತೆ ಬರೆಯಿರಿ. ರಾಜ, ಇತಿಹಾಸ, ಬಾಯಿ ಮುಚ್ಚಿಸುವುದು, ಎಲ್ಲ ಹೊರಗೆ. ಹಿರಿಯರಿಗೆ ಅರ್ಧ ಪುಟ ಜಾಸ್ತಿ ಕೊಡಿ. ಕೊನೆಯಲ್ಲಿ ಬೇಕಿದ್ದರೆ ಈಗಿನ ಕಾಲಕ್ಕೆ ಬನ್ನಿ, ಆದರೆ ಅವರನ್ನು ಸೋಲಿಸಲು ಅಲ್ಲ. 2024ರಲ್ಲಿ ಬ್ರನ್ಸನ್ ಇನ್ನೊಂದು ವರ್ಷ ಕಾದಿದ್ದರೆ 5 ವರ್ಷಕ್ಕೆ 269 ಮಿಲಿಯನ್ ಸಿಗಬಹುದಿತ್ತು, ಕಾಯದೆ 4 ವರ್ಷಕ್ಕೆ 156.5ಕ್ಕೆ ಸಹಿ ಹಾಕಿದ. ತಂಡಕ್ಕೆ ಜಾಗ ಉಳಿಯಲಿ ಅಂತ. ಮೊಣಕಾಲುಗಳನ್ನೂ ನೋವಾನನ್ನೂ ನೆನಪಿಟ್ಟುಕೊಂಡಿರುವ ಆ ಮನುಷ್ಯ ಆ ಸುದ್ದಿ ಕೇಳಿದ ದಿನ ಏನಂದರು? ನೀವು ಬರೆದಿಲ್ಲ. ಈಗಲೂ ಅದೇ ರೈಲಿನಲ್ಲಿ ಹೋಗುತ್ತಿದ್ದರೆ ಕೇಳಿ ನೋಡಿ.

ಮುಂದಿನ ಸಂಚಿಕೆ ತುಂಬಿದೆ. ಅದರ ಮುಂದಿನದರಲ್ಲಿ ನಾಲ್ಕು ಪುಟ ಖಾಲಿ ಇಟ್ಟಿರುತ್ತೇನೆ.

— ಸಂ.