ಥ್ರೆಷರ್ ಶಾರ್ಕಿಗೆ ಮೈಯಷ್ಟೇ ಉದ್ದದ ಬಾಲ ಯಾಕೆ? ಕಾರವಾರದ ದಂಡೆ ಹತ್ತಿರ ಅದು ಯಾಕೆ ಕಾಣುವುದಿಲ್ಲ?

ಆ ಬಾಲ ಬೇಟೆಯ ಆಯುಧ. ಮೀನಿನ ಹಿಂಡಿಗೆ ಬಾಲದಿಂದ ಹೊಡೆದು, ಪ್ರಜ್ಞೆ ತಪ್ಪಿದ ಮೀನುಗಳನ್ನು ಹಿಂದಿರುಗಿ ಬಂದು ತಿನ್ನುತ್ತದೆ. ಒಕ್ಕಲಿನಲ್ಲಿ ಭತ್ತ ಬಡಿದಂತೆ ಬಡಿಯುತ್ತದೆಂದೇ ಇಂಗ್ಲಿಷಿನಲ್ಲಿ ಈ ಹೆಸರು.

ಹೊಡೆತ ಪಕ್ಕದಿಂದ ಬರುತ್ತದೆ ಅಂದುಕೊಳ್ಳುತ್ತೇವೆ. ಹೆಚ್ಚಾಗಿ ಬರುವುದು ತಲೆಯ ಮೇಲಿಂದ. ಹಿಂಡಿನತ್ತ ಜೋರಾಗಿ ನುಗ್ಗಿದ ಶಾರ್ಕ್ ಎದೆಯ ಪಕ್ಕದ ಅಗಲ ರೆಕ್ಕೆಗಳನ್ನು ತಿರುಗಿಸಿ ತಟ್ಟನೆ ವೇಗ ತಗ್ಗಿಸುತ್ತದೆ. ಮೂತಿ ಕೆಳಗಾಗುತ್ತದೆ, ಹಿಂಭಾಗ ಮೇಲೇಳುತ್ತದೆ, ಬಾಲ ಕವಣೆ ಬೀಸಿದ ಹಾಗೆ ತಲೆ ದಾಟಿ ಮುಂದಕ್ಕೆ ಬಂದು ಬೀಳುತ್ತದೆ. ಫಿಲಿಪ್ಪೀನ್ಸ್ ಸಮುದ್ರದಲ್ಲಿ ಇದನ್ನು ಚಿತ್ರೀಕರಿಸಿದ ಸಂಶೋಧಕರು 2013ರಲ್ಲಿ ವಿವರ ಪ್ರಕಟಿಸಿದರು. ಒಂದೇ ಏಟಿಗೆ ಹಲವು ಮೀನು ಬೀಳುವುದೂ ಅದರಲ್ಲಿದೆ. ತಾರ್ಲೆಯಂಥ ಸಣ್ಣ ಮೀನು ಗುಂಪುಗಟ್ಟಿದರೆ ಒಂದೊಂದನ್ನೇ ಬೆನ್ನಟ್ಟುವುದು ದಂಡ; ಗುಂಪಿಗೇ ಹೊಡೆಯುವುದು ಲಾಭ.

ಇನ್ನು ಕಾರವಾರದ ಮಾತು. ನಮ್ಮ ದಂಡೆಯಿಂದ ಬಹಳ ದೂರದವರೆಗೂ ಸಮುದ್ರದ ಆಳ ಕಡಿಮೆ. ಥ್ರೆಷರ್ ಮುಖ್ಯವಾಗಿ ತೆರೆದ ಸಾಗರದ್ದು. ಹಗಲು ಆಳದಲ್ಲಿದ್ದು ರಾತ್ರಿ ಮೇಲೆ ಬರುವ ಅಭ್ಯಾಸವೂ ಉಂಟು. ಅರಬ್ಬೀ ಸಮುದ್ರದಲ್ಲಿ ಇದೆ, ಆದರೆ ಬೈತಖೋಲ ಬಂದರಿನಲ್ಲಿ ನೀವು ನೋಡುವ ಸಣ್ಣ ಮೋರಿಗಳು, ಅಂದರೆ ಸಣ್ಣ ಶಾರ್ಕುಗಳು, ಬೇರೆ ಜಾತಿಯವು.

ಎಲ್ಲಾದರೂ ಆಳಸಮುದ್ರದ ಗಾಳಕ್ಕೋ ಬಲೆಗೋ ಸಿಕ್ಕಿದ್ದು ಕಂಡರೆ, ದಯವಿಟ್ಟು ಅದನ್ನು ಮಾಮೂಲಿ ಮೀನೆಂದು ಎಣಿಸಬೇಡಿ. ಇವು ಮೊಟ್ಟೆ ಇಡುವುದಿಲ್ಲ, ಮರಿ ಹಾಕುತ್ತವೆ. ಸಾಮಾನ್ಯವಾಗಿ ಒಂದು ಸಲಕ್ಕೆ ಎರಡರಿಂದ ನಾಲ್ಕು. ಹೊಟ್ಟೆಯೊಳಗಿನ ಮರಿ ತಾಯಿಯ ಫಲಿಸದ ಮೊಟ್ಟೆಗಳನ್ನೇ ತಿಂದು ಬೆಳೆಯುತ್ತದೆ. ಬಂಗಡೆ ಲಕ್ಷಗಟ್ಟಲೆ ಮೊಟ್ಟೆ ಇಟ್ಟು ನಷ್ಟ ತುಂಬಿಕೊಳ್ಳುತ್ತದೆ, ಇದಕ್ಕೆ ಅದು ಆಗದು.